ಬಲಗಾಲಿನ ಬೂಟು

ಬೆರಳಲ್ಲಿ ಇನ್ನೂ ಪಂಕ್ಚರ್ ಸೊಲ್ಯೂಷನ್ನಿನ ವಾಸನೆ, ನಿನ್ನೆ ಎರಡು ಸಲ ಸಾಬೂನು ಹಾಕಿ ತೊಳೆದದ್ದು, ಬೆಳಗ್ಗೆ ಜುಮಾ ನಮಾಜಿಗೆ ಹೋಗಲಿಕ್ಕಿದೆಯೆಂದು ಮತ್ತೊಮ್ಮೆ ಉಜ್ಜಿದ್ದು, ವಾಸನೆ ಹೋಗಿಲ್ಲ, ಸುಲೇಮಾನಿ ಚಹದ ಲೋಟ ತುಟಿಗೆ ತಂದಾಗಲೆಲ್ಲ ಚಹಕ್ಕಿಂತ ಮೊದಲು ಅದೇ ಮೂಗಿಗೆ ಬಡಿಯುತ್ತದೆ — ಹಸನಬ್ಬ ಲೋಟವನ್ನು ಟೂಲ್‌ಬಾಕ್ಸಿನ ಮೇಲಿಟ್ಟು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ, ಒರೆಸಿದರೆ ಹೋಗುವ ವಾಸನೆಯಾ ಇದು, ಲಾರಿಯ ಟ್ಯೂಬಿಗೆ ತೇಪೆ ಹಿಡಿಸುವಂಥದ್ದು, ಬೂಟಿನ ಅಟ್ಟೆಯನ್ನು ಬಿಟ್ಟೀತಾ. ಶುಕ್ರವಾರ, ದುಬೈಯ ರಾಸ್ ಅಲ್ ಖೋರ್‌ನ ಗ್ಯಾರೇಜುಗಳೆಲ್ಲ ಬಾಗಿಲು ಹಾಕಿವೆ, ಹಸನಬ್ಬನದರಲ್ಲೂ ಶಟರ್ ಅರ್ಧಕ್ಕೆ ಇಳಿದಿದೆ, ಕೆಳಗಿನ ಸಂದಿಯಿಂದ ಬಿಸಿಲು ಒಳಗೆ ಬಂದು ಎಣ್ಣೆ ಕಲೆಗಳ ಮೇಲೆ ಮಲಗಿದೆ, ಆ ಬಿಸಿಲಿನ ಪಕ್ಕದಲ್ಲಿ ಮಡಚುವ ಕುರ್ಚಿಯಲ್ಲಿ ಆಲ್ಫೋನ್ಸ್, ಗೋದಾಮಿನ ಸ್ಟೋರ್‌ಕೀಪರ್, ಒಂದು ಕಾಲದಲ್ಲಿ ಮಂಗಳೂರಿನ ಕಡೆಯ ದೊಡ್ಡ ಗೋಲಿ, ಅಂದರೆ ಗೋಲ್‌ಕೀಪರ್, ಮುಂದಿನ ಎರಡು ಹಲ್ಲು ಹಾಕಿಗೇ ಕೊಟ್ಟವನು, ಪೊರೋಟ ಹರಿದು ತಿನ್ನುತ್ತಾ ಪಕ್ಕದ ಹಲ್ಲಲ್ಲೇ ಅಗಿಯುತ್ತಾನೆ. ಕೊರೊಲ್ಲಾದ ಬಾನೆಟ್ಟಿನ ಮೇಲೆ ಟವೆಲ್ ಹಾಸಿ ಲ್ಯಾಪ್‌ಟಾಪ್ ಇಟ್ಟುಕೊಂಡವರು ಗುರುದತ್ತ, ಮೈಸೂರಿನವರು, ಜುಮೇರಾ ಲೇಕ್ ಟವರ್ಸಿನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ, ಯಾರು ಎಷ್ಟು ಗೋಲು, ಯಾವ ವರ್ಷ, ಯಾರ ವಿರುದ್ಧ, ಎಲ್ಲ ಅದರೊಳಗೆ ಉಂಟು. ಮತ್ತು ನಡುವೆ, ಬ್ಯಾಟರಿಯ ಡಬ್ಬದ ಮೇಲೆ, ಸ್ಪೀಕರ್ ಹಾಕಿಟ್ಟ ಮೊಬೈಲ್, ಅದರೊಳಗಿಂದ ಬೆಂಗಳೂರಿನ ಒಂದು ಹೋಟೆಲಿನ ಹಾಲ್ ಗುಜುಗುಜು ಎನ್ನುತ್ತಿದೆ, ಕುರ್ಚಿ ಎಳೆಯುವ ಶಬ್ದ, ಯಾರದೋ ಕೆಮ್ಮು, ಇನ್ನು ಹತ್ತು ನಿಮಿಷ ಎಂದು ದ್ವಾರಕನಾಥ ರಾಯರ ಪಿಸುದನಿ. ದೇರಾದಲ್ಲಿ ಸಂಬಾರದ ವ್ಯಾಪಾರ ಮಾಡುವ ರಾಯರು ಈ ವರ್ಷ ಹೊಸ ಹಾಕಿ ಲೀಗಿನಲ್ಲಿ ಬೆಂಗಳೂರು ತಂಡದ ಪಾಲು ಹಿಡಿದಿದ್ದಾರೆ, ಏಲಕ್ಕಿಯಾದರೆ ನಾನು ಮೂಸಿ ನೋಡಿ ಹೇಳುತ್ತೇನೆ ಹಸನಬ್ಬಾಕ, ಹಾಕಿ ಆಡುವವರನ್ನು ಮೂಸಲಿಕ್ಕೆ ನನಗೆ ಬರುವುದಿಲ್ಲ, ಇಪ್ಪತ್ತು ವರ್ಷದಿಂದ ನೀವು ಮೂವರು ಶುಕ್ರವಾರ ಬೇರೆ ಮಾತಾಡಿದ್ದು ನಾನು ಕೇಳಿಲ್ಲ, ನೀವೇ ಹೇಳಿ, ನಾನು ಕೈ ಎತ್ತುತ್ತೇನೆ. ಹಣದ ಹರಾಜಿಲ್ಲ, ಆರು ತಂಡ, ಚೀಟಿ ಎತ್ತಿ ಸರದಿ, ಒಂದೊಂದು ಸರದಿಗೆ ತಂಡಕ್ಕೆ ಒಬ್ಬೊಬ್ಬ ಆಟಗಾರ, ನಮ್ಮದು ನಾಲ್ಕನೆಯ ಕುರ್ಚಿ. ಮೊದಲ ಸರದಿಗೆ ಯಾರು ಎಂದು ಎರಡು ವಾರದ ಹಿಂದೆಯೇ ತೀರ್ಮಾನ ಆಗಿದೆ, ಮಾಡಿದವ ಈ ಹಸನಬ್ಬನೇ, ಶಮೀರ್, ಕಣ್ಣು ಮುಚ್ಚಿ ಶಮೀರ್, ಬರಕೊಳ್ಳಿ ಎಂದು ಮೇಜು ಕುಟ್ಟಿ ಹೇಳಿದವ.

ಕಣ್ಣು ಮುಚ್ಚಿ ಎಂದೇ ಹೇಳಿದ್ದು, ಅದೇ ತಪ್ಪು, ಜಾಕಿಗೆ ಏರಿಸದ ಗಾಡಿಯ ಬಗ್ಗೆ ಬಾಯಿ ಬಿಡಬಾರದೆಂದು ಎಷ್ಟು ಜನಕ್ಕೆ ಕಲಿಸಿದವ ಅವನು, ಆದರೆ ಅಬುಧಾಬಿಯಲ್ಲಿ ಆ ಸಂಜೆ ಯಾರಿಗೆ ಜಾಕಿ ನೆನಪಾಗುತ್ತಿತ್ತು. ಪಿಕಪ್ಪಿನಲ್ಲಿ ಮೂವರೂ ಒತ್ತಿ ಕೂತು ಹೋದದ್ದು, ಕಂಪನಿಗಳ ಪಂದ್ಯಾವಳಿಗೆ ಬೆಂಗಳೂರಿನ ಬ್ಯಾಂಕ್ ತಂಡ ಅತಿಥಿಯಾಗಿ ಬಂದಿತ್ತು, ನಮ್ಮ ಉಳ್ಳಾಲದ ಹುಡುಗ ಒಬ್ಬ ಉಂಟಂತೆ, ಶಮೀರ್ ಅಂತ, ಎಂದು ಆಲ್ಫೋನ್ಸ್ ದಾರಿಯಿಡೀ — ಉಳ್ಳಾಲದ್ದು ಎಂದ ಮೇಲೆ ಮೀನು ಹೇಗೂ ತಿಂತಾನೆ, ಹಾಕಿ ಆಡ್ತಾನಾ ನೋಡುವ. ಆಡುತ್ತಾನೆ. ಪೆನಾಲ್ಟಿ ಕಾರ್ನರ್ ಸಿಕ್ಕಿತು, ಗೆರೆಯಿಂದ ಚೆಂಡು ತಳ್ಳಿದರು, ಒಬ್ಬ ನಿಲ್ಲಿಸಿದ, ಶಮೀರ್ ಓಡಿ ಬರಲಿಲ್ಲ, ನಡೆದು ಬಂದ ಹಾಗೆ ಬಂದ, ಕೊನೆಯ ಎರಡು ಹೆಜ್ಜೆ ಮಾತ್ರ ಬೇರೆಯವು, ಎಡಗಾಲು ಮುಂದಕ್ಕೆ ಊರಿತು, ಮೈಯಿಡೀ ನೆಲದ ಹತ್ತಿರ ಬಗ್ಗಿತು, ಚೆಂಡು ಸ್ಟಿಕ್ಕಿಗೆ ಅಂಟಿಕೊಂಡ ಹಾಗೆ ಹಿಂದಿನಿಂದ ಮುಂದಕ್ಕೆ ಎಳೆದುಕೊಂಡು ಬಂದು — ಹೊಡೆದದ್ದಲ್ಲ, ಎಸೆದದ್ದು, ಕವಣೆಯ ಹಾಗೆ — ಬಲಗಾಲಿನ ಬೆರಳು ನೆಲ ಉಜ್ಜುತ್ತಾ ಹಿಂದೆಯೇ ಬಂತು, ಆಮೇಲೆ ಗೋಲಿನ ಹಲಗೆಗೆ ಟಪ್ಪೆಂದ ಶಬ್ದ, ಗೋಲಿ ಇನ್ನೂ ಅಲುಗಿರಲಿಲ್ಲ. ಆ ಶಬ್ದ. ಹಸನಬ್ಬ ಎಂಜಿನ್ನಿನ ಶಬ್ದ ಕೇಳಿ ರೋಗ ಹೇಳುವವ, ಅಷ್ಟು ನಿಖರವಾದ ಶಬ್ದವನ್ನು ಹೊಸ ಗಾಡಿಯಲ್ಲೂ ಕೇಳಿರಲಿಲ್ಲ, ಪಕ್ಕದಲ್ಲಿ ಆಲ್ಫೋನ್ಸ್ ಎದ್ದು ನಿಂತು ತೊಡೆ ಮುಟ್ಟಿಕೊಂಡು, ಇವನ ಎದುರು ನಾನು ನಿಂತಿದ್ದರೆ ಉಳಿದ ಹಲ್ಲೂ ಹೋಗ್ತಿತ್ತು ಮಾರಾಯ ಎಂದ, ಆಲ್ಫೋನ್ಸ್ ಒಬ್ಬ ಆಟಗಾರನಿಗೆ ಕೊಡುವ ದೊಡ್ಡ ಬಿರುದು ಅದು. ನಾಲ್ಕು ಕಾರ್ನರ್, ಮೂರು ಗೋಲು. ವಾಪಸ್ ಬರುವಾಗ ಗುರುದತ್ತ ಮಾತ್ರ ಕತ್ತಲಲ್ಲಿ ಮೆಲ್ಲಗೆ, ವಯಸ್ಸು ಇಪ್ಪತ್ತೊಂಬತ್ತು ಹಸನಬ್ಬಾಕ, ಒಂದು ಸಲ ನೋಡಿ, ಎಂದದ್ದು, ವಯಸ್ಸು ಎಂತ ಮಾಡ್ತದೆ ಸಾರ್, ಒಳ್ಳೆಯ ಗೇರ್‌ಬಾಕ್ಸಿಗೆ ವಯಸ್ಸು ಉಂಟಾ ಎಂದು ಇವನು ಬಾಯಿ ಮುಚ್ಚಿಸಿದ್ದು. ಸಾರ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಇಪ್ಪತ್ತೊಂಬತ್ತು ಅಂದರೆ ಈ ಸಲ ಯಾರೂ ಕೈ ಎತ್ತದಿದ್ದರೆ ಮುಂದಿನ ಸಲ ಹೆಸರೇ ಪಟ್ಟಿಯಲ್ಲಿ ಇರುವುದಿಲ್ಲ, ಶಮೀರ್‌ಗೆ ಅದು ಗೊತ್ತು, ಬ್ಯಾಂಕಿನವರು ಏಪ್ರಿಲ್‌ನಿಂದ ಕೌಂಟರಿನಲ್ಲಿ ಕೂರು ಎಂದಿದ್ದಾರಂತೆ, ನೋಟು ಕಟ್ಟುವ ಕೈ ಅಲ್ಲ ಹಸನಬ್ಬಾಕ ನನ್ನದು ಎಂದು ನಕ್ಕಿದ್ದ, ನಗುವಾಗಲೂ ನೆಲವನ್ನೇ ನೋಡುವ ಗಂಡು.

ಅದು ಕಳೆದ ಶುಕ್ರವಾರ, ಊರಿಗೆ ಹೊರಡುವ ಮುಂಚೆ ಇಲ್ಲಿಗೇ ಬಂದ, ಇದೇ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಜೊತೆ ಹಳೆಯ ಬೂಟು, ಅಟ್ಟೆ ಬಿಟ್ಟಿದೆ, ಇದರಲ್ಲೇ ಕಾಲು ಕೂರುವುದು ನನಗೆ, ಹೊಸತು ಆಗುವುದಿಲ್ಲ, ಬೇರೆ ಯಾರ ಕೈಗೂ ಕೊಡಬೇಡಿ, ನೀವೇ ನೋಡಿ, ಮುಂದಿನ ವಾರ ಯಾರಾದರೂ ಊರಿಗೆ ಬರುವವರ ಹತ್ತಿರ ಕಳಿಸಿ. ಚಪ್ಪಲಿ ಹೊಲಿಯುವವನಿಗೆ ಕೊಡುವುದನ್ನು ಗ್ಯಾರೇಜಿಗೆ ತಂದ್ಯಾ ಎಂದು ಇವನು ತಮಾಷೆ ಮಾಡಿದ. ನಿನ್ನೆ ಸಂಜೆ ಸೊಲ್ಯೂಷನ್ ಹಚ್ಚಿ, ವೈಸಿನಲ್ಲಿ ಒತ್ತಿ ಹಿಡಿಸಿ, ಒಣಗಲಿ ಎಂದು ದೀಪದ ಕೆಳಗೆ ತಿರುಗಿಸಿದಾಗ ಕೈ ನಿಂತಿತು. ಮೂವತ್ತು ವರ್ಷ ಟಯರು ನೋಡಿದ ಕಣ್ಣು, ಯಾವ ಮಗ್ಗುಲು ಸವೆದಿದೆ ನೋಡಿದರೆ ಒಳಗೆ ಯಾವುದು ಬಾಗಿದೆ ಎಂದು ಹೇಳುವ ಕಣ್ಣು, ಅದಕ್ಕೆ ರಜೆ ಕೊಡಲಿಕ್ಕೆ ಆಗುತ್ತದಾ. ಬಲಗಾಲಿನ ಬೂಟಿನ ತುದಿಯಲ್ಲಿ, ಒಳಮಗ್ಗುಲಿಗೆ, ಅರ್ಧಚಂದ್ರದ ಹಾಗೆ ಒಂದು ಸವೆತ, ನುಣ್ಣಗೆ, ಹೆಬ್ಬೆರಳು ಇಟ್ಟರೆ ಕೂರುವಷ್ಟು — ಅದು ಎಳೆದು ಎಳೆದು ಆದದ್ದು, ಸಾವಿರ ಸಲ, ಹತ್ತು ಸಾವಿರ ಸಲ, ಅದನ್ನು ನೋಡಿ ಎದೆ ತುಂಬಿತು. ಆಮೇಲೆ ಎಡಗಾಲಿನದ್ದು. ಹಿಮ್ಮಡಿಯ ಹೊರಅಂಚು ಒರಟಾಗಿ ಹರಿದ ಹಾಗೆ, ಹೊಸ ಸವೆತ, ಎರಡು ಮೂರು ತಿಂಗಳದ್ದು, ಊರಬೇಕಾದ ಕಾಲನ್ನು ಓರೆಯಾಗಿ ಊರುತ್ತಿದ್ದಾನೆ, ಭಾರ ಮೊಣಕಾಲಿಗೆ ಹೋಗದಂತೆ ಹೊರಗೆ ತಳ್ಳುತ್ತಿದ್ದಾನೆ. ಎಡ ಮೊಣಕಾಲು ಹೋಗಿದೆ. ಪಂದ್ಯವಿಡೀ ಓಡಿಸಿದರೆ ಎರಡು ತಿಂಗಳು ಬಾರದು. ಹಸನಬ್ಬ ಸ್ಟೂಲಿನ ಮೇಲೆ ಕೂತ, ಎದುರಿನ ರ‍್ಯಾಕಿನಲ್ಲಿ ಬೂಟುಗಳನ್ನು ಇಟ್ಟ, ಈಗಲೂ ಅಲ್ಲೇ ಇವೆ, ಬ್ರೇಕ್ ಪ್ಯಾಡಿನ ಡಬ್ಬಗಳ ನಡುವೆ, ಬಲಗಾಲಿನದ್ದರ ತುದಿ ಇತ್ತ ತಿರುಗಿದೆ, ಅರ್ಧಚಂದ್ರ ಕಾಣುತ್ತದೆ. ರಾತ್ರಿ ಉಳ್ಳಾಲಕ್ಕೆ ಫೋನ್ ಮಾಡಿದಾಗ ನಫೀಸ, ಎಂತ ದನಿ ಸಣ್ಣ ಆಗಿದೆ, ಪಿತ್ತವಾ, ಎಂದು ಕೇಳಿದಳು, ಪಿತ್ತ ಅಲ್ಲ, ಒಬ್ಬರ ಬೂಟು ಎಂದರೆ ಹೆಂಡತಿ ಎಂತ ತಿಳಿಯಬೇಕು. ಮುಚ್ಚಿಟ್ಟನಾ ನನ್ನಿಂದ, ಎಂದು ಮೊದಲು ಅನಿಸಿದ್ದು ಹೌದು. ಆದರೆ ಮುಚ್ಚಿಡುವವ ಬೂಟನ್ನು ಟಯರು ನೋಡುವವನ ಕೈಗೆ ಕೊಡುತ್ತಾನಾ, ಬೆಂಗಳೂರಿನಲ್ಲಿ ಅಟ್ಟೆ ಅಂಟಿಸುವವರು ಇಲ್ಲವಾ, ವಿಮಾನ ಹತ್ತುವ ದಿನ ಚೀಲ ಹಿಡಿದು ರಾಸ್ ಅಲ್ ಖೋರ್‌ವರೆಗೆ ಬಂದವ, ನೀವೇ ನೋಡಿ ಎಂದವ. ಬಾಯಿಯಲ್ಲಿ ಹೇಳಲಿಕ್ಕೆ ಆಗದ್ದನ್ನು ಚೀಲದಲ್ಲಿ ಹಾಕಿ ಕೊಟ್ಟಿದ್ದಾನೆ. ಎಂಥ ಗಂಡಸು. ತನ್ನ ಕೊನೆಯ ಸರದಿಯ ಬೀಗದ ಕೈಯನ್ನು ಇನ್ನೊಬ್ಬನ ಕೈಯಲ್ಲಿಟ್ಟು ವಿಮಾನ ಹತ್ತುವವರು ಎಷ್ಟು ಜನ ಉಂಟು.

ಹಸನಬ್ಬಾಕ, ನಮ್ಮ ಸರದಿ ಬಂತು, ಶಮೀರ್ ಇನ್ನೂ ಇದ್ದಾನೆ, ಹೇಳಿಬಿಡಲಾ — ರಾಯರ ದನಿ, ಮೊಬೈಲು ಡಬ್ಬದ ಮೇಲೆ ನಡುಗುತ್ತಿದೆ, ಬೇಡ ರಾಯರೇ, ಮೊದಲಿಗೆ ಗೋಲಿ, ಆ ಚಂದು, ಎಂದದ್ದು ತನ್ನದೇ ದನಿಯಾ ಎಂದು ಹಸನಬ್ಬನಿಗೇ ಅನುಮಾನ. ಪೊರೋಟ ಬಾಯಿಯಲ್ಲೇ ಇಟ್ಟುಕೊಂಡು ಆಲ್ಫೋನ್ಸ್ ತಿರುಗಿ ನೋಡಿದ, ಎರಡು ವಾರದಿಂದ ಚಂದು ಚಂದು ಎಂದು ಬಡಕೊಂಡದ್ದು ನಾನು, ಬ್ಯಾರಿ, ನಿನಗೆ ಈಗ ಜ್ಞಾನೋದಯವಾ. ಗೋಲಿಯನ್ನು ಗುರುತಿಸಲಿಕ್ಕೆ ಗೋಲಿಯೇ ಬೇಕು ಪೊರ್ಬುಗಳೇ, ಎಂದ ಹಸನಬ್ಬ, ಊರಲ್ಲಿ ಕ್ರಿಸ್ತುವರನ್ನು ಕರೆಯುವ ಹಾಗೆ, ನೀವು ಹೇಳಿದ್ದು ಸರಿ, ನಾನು ತಪ್ಪಿದೆ. ಆಲ್ಫೋನ್ಸ್‌ಗೆ ಸಂತೋಷವೂ ಆಯಿತು ಸಂಶಯವೂ ಆಯಿತು, ತಪ್ಪಿದೆ ಎಂಬ ಮಾತು ಬ್ಯಾರಿಯ ಬಾಯಲ್ಲಿ ಕೇಳಿ ಎಷ್ಟು ವರ್ಷವಾಯಿತು. ಅತ್ತ ರಾಯರು ಕೈ ಎತ್ತಿದರು, ಚಂದು ನಮ್ಮವನಾದ, ಗುರುದತ್ತ ಲ್ಯಾಪ್‌ಟಾಪಿನಲ್ಲಿ ಒಂದು ಸಾಲಿಗೆ ಬಣ್ಣ ತುಂಬಿದರು, ಯಾಕೆ ಬದಲಾಯಿಸಿದಿರಿ ಎಂದು ಕಣ್ಣಲ್ಲೇ ಕೇಳಿದರು, ಹಸನಬ್ಬ ರ‍್ಯಾಕಿನ ಕಡೆ ನೋಡಿದ. ಹೇಗೆ ಹೇಳುವುದು, ಸ್ಪೀಕರ್ ತೆರೆದಿದೆ, ಆ ಹಾಲಿನಲ್ಲಿ ಎಷ್ಟು ಕಿವಿ. ಲೆಕ್ಕ ಇಷ್ಟೇ, ನಿನ್ನೆ ರಾತ್ರಿಯಿಡೀ ಇದನ್ನೇ ಬಿಚ್ಚಿ ಜೋಡಿಸಿದ್ದಾನೆ — ಮೊದಲ ಸರದಿಯಲ್ಲಿ ತಂದವನನ್ನು ಬೆಂಚಿನಲ್ಲಿ ಕೂರಿಸಲಿಕ್ಕೆ ಯಾವ ಧಣಿಗೂ ಮನಸ್ಸು ಬರುವುದಿಲ್ಲ, ಪಂದ್ಯವಿಡೀ ಓಡು ಎನ್ನುತ್ತಾರೆ, ಪೇಪರಿನವರು ಓಡು ಎನ್ನುತ್ತಾರೆ, ಶಮೀರ್ ಕೂಡ ನಾಚಿಕೆಗೆ ಓಡುತ್ತಾನೆ, ಮೊಣಕಾಲು ಖಲಾಸ್. ಮೂರನೆಯ ಸರದಿಯಲ್ಲಿ ಬಂದವ ಕಾರ್ನರಿಗೆಂದು ಐದೈದು ನಿಮಿಷ ಮಾತ್ರ ಇಳಿದರೂ ಯಾರೂ ಕೇಳುವುದಿಲ್ಲ, ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಒಬ್ಬನನ್ನು ಇಳಿಸಬಹುದು ಹತ್ತಿಸಬಹುದು, ನಮ್ಮವರು ಒತ್ತುತ್ತಿದ್ದಾರೆ, ಇಳಿ, ಕಾರ್ನರ್ ಸಿಕ್ಕಿತು, ಎಳೆ, ಎಸೆ, ಹೊರಗೆ ಬಾ. ದೋಷ ಗೊತ್ತಿರುವ ಗಾಡಿಯೇ ಒಳ್ಳೆಯದು, ಗೊತ್ತಿಲ್ಲದ ಗಾಡಿಯೇ ನಡುದಾರಿಯಲ್ಲಿ ಕೈಕೊಡುವುದು. ಆದರೆ ಅಲ್ಲಿಯವರೆಗೆ ಉಳಿಯಬೇಕಲ್ಲ, ಐದು ತಂಡ, ಐದು ಕೈ. ಅತ್ತ ಮೈಕಿನಲ್ಲಿ ಹೆಸರು ಬೀಳುತ್ತಿವೆ, ಒಂದೊಂದು ಹೆಸರಿಗೂ ಹಸನಬ್ಬ ಮೊಬೈಲಿನ ಕಡೆ ಇನ್ನಷ್ಟು ಬಗ್ಗುತ್ತಾನೆ, ಚೆನ್ನೈಯವರು ಮಾತಾಡಿಕೊಳ್ಳುತ್ತಿದ್ದಾರೆ, ಡ್ರ್ಯಾಗ್ ಫ್ಲಿಕ್ಕರ್ ಬೇಕಂತೆ, ಶಮೀರ್ ಹಾಗೆ ಎಳೆದು ಎಸೆಯುವವ, ಎಂದು ರಾಯರು ಪಿಸುಗುಟ್ಟಿದರು, ಮೈಕು ಗೊರಗುಟ್ಟಿತು, ಯಾ ಅಲ್ಲಾ, ಎಂತಕ್ಕೆ ಮಾಡಿದೆ ನಾನು ಈ ಬುದ್ಧಿವಂತಿಕೆಯನ್ನು, ಕೈಗೆ ಬಂದದ್ದನ್ನು ಹಿಡಿಯದೆ — ಇಪ್ಪತ್ತೊಂದರ ಒಬ್ಬ ಪಂಜಾಬಿಯ ಹೆಸರು ಬಂತು. ಗುರುದತ್ತ ಕನ್ನಡಕ ಒರೆಸಿದರು, ವಯಸ್ಸು ನೋಡಿದ್ದಾರೆ ಅಷ್ಟೇ, ನನ್ನ ಹಾಗೆ, ಎಂದು ತಮ್ಮನ್ನೇ ಹಂಗಿಸಿಕೊಂಡರು, ಒಳ್ಳೆಯ ಮನುಷ್ಯ, ಅಂಕಿ ಬಲ್ಲವರಲ್ಲಿ ತಮ್ಮನ್ನು ತಾವೇ ನಗಾಡಿಕೊಳ್ಳುವವರು ಕಡಿಮೆ. ಎರಡನೆಯ ಸರದಿಗೆ ಸಾರ್ ಹೇಳಿದ ಸೆಂಟರ್ ಹಾಫ್, ಯಾರೂ ಎದುರಾಡಲಿಲ್ಲ.

ಮೂರನೆಯದು, ಹಸನಬ್ಬಾಕ. ಎರಡು ನಿಮಿಷ ಕೊಟ್ಟಿದ್ದಾರೆ. ಶಮೀರ್ ಇನ್ನೂ ಇದ್ದಾನೆ, ಆದರೆ ಒಂದು ಮಾತು — ರಾಯರ ದನಿ ಇದ್ದಕ್ಕಿದ್ದಂತೆ ಸ್ಪಷ್ಟವಾಯಿತು, ಹಾಲಿನಿಂದ ಹೊರಗೆ ವರಾಂಡಕ್ಕೆ ಬಂದಿರಬೇಕು, ಮೂವತ್ತು ವರ್ಷ ಏಲಕ್ಕಿ ಮೂಸಿದ ಮೂಗು ಸುಮ್ಮನಿರುತ್ತದಾ — ಮೊದಲು ಬೇಕೆಂದು ಮೇಜು ಕುಟ್ಟಿದವರು ನೀವು, ಇವತ್ತು ತಳ್ಳುತ್ತಾ ಬಂದವರೂ ನೀವು, ಅವನಲ್ಲಿ ಏನಾದರೂ ಉಂಟಾ, ಇದ್ದರೆ ನನಗೆ ಹೇಳಿ, ನಿಮ್ಮ ಮಾತಿನ ಮೇಲೆ ಕೂತಿದ್ದೇನೆ ನಾನು. ಆಲ್ಫೋನ್ಸ್ ಅಗಿಯುವುದನ್ನು ನಿಲ್ಲಿಸಿದ. ಹೇಳಿದರೆ ಶಮೀರ್ ಕೌಂಟರಿಗೆ ಹೋದಾನು, ಹೇಳದಿದ್ದರೆ ಓಡಿಸಿ ಮುರಿದಾರು, ನೀವೇ ನೋಡಿ ಎಂದವನು ಹೇಳಿ ಎಂದಿರಲಿಲ್ಲ, ಹೇಳಬೇಡಿ ಎಂದೂ ಇರಲಿಲ್ಲ. ಹಸನಬ್ಬ ಎದ್ದು ಹೋಗಿ ಬೂಟನ್ನು ಕೈಗೆ ತೆಗೆದುಕೊಂಡ, ಎಡಗಾಲಿನದ್ದನ್ನು ತಿರುಗಿಸಿ ನೋಡಿದ, ಬಲಗಾಲಿನದ್ದನ್ನು ನೋಡಿದ, ನಿನ್ನೆ ನೋಡದ್ದು ಇವತ್ತು ಕಂಡಿತು — ಬಲಗಾಲಿನ ಆ ಅರ್ಧಚಂದ್ರದ ಅಂಚಿನಲ್ಲಿ ಮೈದಾನದ ಹಸಿರು ನಾರಿನ ಬಣ್ಣ ಇನ್ನೂ ಮಾಸಿಲ್ಲ, ಹೊಚ್ಚ ಹೊಸದು, ಮೊಣಕಾಲು ಕೆಟ್ಟ ಮೇಲೂ ದಿನಾ ಎಳೆದಿದ್ದಾನೆ, ಯಾರೂ ಇಲ್ಲದ ಮೈದಾನದಲ್ಲಿ, ನೋವಿನ ಕಾಲನ್ನು ಓರೆಯಾಗಿ ಊರಿ, ನೂರು ಸಲ, ಇನ್ನೂರು ಸಲ. ಎಡ ಮೊಣಕಾಲು ಸರಿ ಇಲ್ಲ ರಾಯರೇ, ಎಂದ. ಬೂಟು ನೋಡಿ ಹೇಳ್ತಾ ಇದ್ದೇನೆ, ಆ ಬೂಟು ನನಗೆ ಕೊಟ್ಟದ್ದು ಅವನೇ. ಓಡಿಸಬೇಡಿ, ಕಾರ್ನರಿಗೆಂದು ಐದೈದು ನಿಮಿಷ ಮಾತ್ರ ಇಳಿಸಿ, ಬೇಸಗೆಗೆ ಒಂದು ಆಪರೇಷನ್ ಮಾಡಿಸಿ, ಆದರೆ ತೆಗೊಳ್ಳಿ, ಅಂಥ ಬಲಗಾಲು ಇನ್ನೊಂದು ಇಲ್ಲ. ಅತ್ತ ಬಾಗಿಲು ತೆರೆದ ಶಬ್ದ, ಮತ್ತೆ ಹಾಲಿನ ಗುಜುಗುಜು, ಕುರ್ಚಿ, ಕೆಮ್ಮು, ನಾವು ಹೇಳಬೇಕಿತ್ತಾ ಎಂದು ಗುರುದತ್ತ ಅರ್ಧ ಕೇಳಿ ನಿಲ್ಲಿಸಿದರು, ಆಲ್ಫೋನ್ಸ್ ಎದ್ದು ಬಂದು ಹಸನಬ್ಬನ ಬೆನ್ನ ಮೇಲೆ ಕೈ ಇಟ್ಟ, ಗೋಲಿಗಳು ಹಾಗೆಯೇ, ಗೋಲು ಬಿದ್ದ ಮೇಲೂ ಬೀಳದ ಮುಂಚೆಯೂ ಒಂದೇ ಮುಖ. ಮೈಕು ಗೊರಗುಟ್ಟಿತು. ಬೆಂಗಳೂರು, ಮೂರನೆಯ ಆಯ್ಕೆ. ಶಮೀರ್. ಉಳಿದದ್ದು ಕೇಳಿಸಲಿಲ್ಲ, ಆಲ್ಫೋನ್ಸ್ ಕೆಮ್ಮಿದನೋ ನಕ್ಕನೋ, ಹೊರಗೆ ಜುಮಾದ ಬಾಂಗ್ ಆಗುತ್ತಿದೆ, ಹೋಗಬೇಕು, ಕೈ ತೊಳೆಯಬೇಕು, ಬೂಟನ್ನು ಊರಿಗೆ ಹೋಗುವವರ ಕೈಯಲ್ಲಿ ಕೊಡಬೇಕು, ಬೇಗ, ಇದರಲ್ಲೇ ಕಾಲು ಕೂರುವುದು ಎಂದಿದ್ದಾನೆ, ಕೊಡಬೇಕು ಎಂದುಕೊಳ್ಳುತ್ತಲೇ ಹಸನಬ್ಬ ನಿಂತಲ್ಲೇ ನಿಂತ, ಹೆಬ್ಬೆರಳು ತಾನಾಗಿ ಆ ಸವೆತಕ್ಕೆ ಹೋಯಿತು, ನುಣ್ಣಗೆ, ಅರ್ಧಚಂದ್ರ, ಬಲಗಾಲಿನ ತುದಿಯಲ್ಲಿ, ಹೆಬ್ಬೆರಳು ಸರಿಯಾಗಿ ಕೂತಿತು.