ಮೂರು ಬೋರ್ಡು, ಒಂದೇ ಯಂತ್ರ

ನಾನು ಒಂದು ಬಿಲ್ಡ್ ಯಂತ್ರ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ನನ್ನನ್ನು ಹುಟ್ಟಿಸಿದರು. ಅಂದಚೆಂದವಿಲ್ಲ, ಆದರೆ ಗತ್ತಿಗೇನೂ ಕಡಿಮೆಯಿರಲಿಲ್ಲ. ಹಾಲು ಪರೀಕ್ಷಿಸುವ ಡಬ್ಬಿ, ಬಸ್ ನಿಲ್ದಾಣದ ಫಲಕ, ಆಸ್ಪತ್ರೆಯ ಸಲೈನ್ ಪಂಪು, ಇವುಗಳ ಹೊಟ್ಟೆಯೊಳಗೆ ಒಂದೊಂದು ಪುಟ್ಟ ಬೋರ್ಡು ಇರುತ್ತದೆ. ಆ ಬೋರ್ಡು ಕೆಲಸ ಮಾಡಲು ಬೇಕಾದ ಲಿನಕ್ಸ್ ಎಂಬ ತಂತ್ರಾಂಶವನ್ನು ಕಟ್ಟಿಕೊಡುವುದೇ, ಅಂದರೆ ಬಿಲ್ಡ್ ಮಾಡುವುದೇ, ನನ್ನ ಕಸುಬು.

ನಾನು ಬರುವ ಮುಂಚೆ, ಇವನ್ನೆಲ್ಲ ತಯಾರಿಸುವ ಮುಧೋಳ ಸಾಹೇಬರ ಆಫೀಸಿನಲ್ಲಿ ಬೋರ್ಡಿಗೊಂದರಂತೆ ಮೂರು ಕಂಪ್ಯೂಟರುಗಳಿದ್ದವು. ಒಂದರಲ್ಲಿ ತಿದ್ದಿದ ದೋಷ ಉಳಿದೆರಡರಲ್ಲಿ ಹಾಗೇ ಕೂತಿರುತ್ತಿತ್ತು. ಇಂಜಿನಿಯರ್ ನೀಲಗಂಗಾಳಿಗೆ ಇದು ಸಾಕಾಗಿ ಹೋಗಿತ್ತು.

"ಸರ್, ಮೂರಕ್ಕೂ ಬೇಕಾದದ್ದು ಒಂದ ಕಡೆ ಬರಿಯೋಣ್ರಿ. ಆಯಾ ಬೋರ್ಡಿಂದು ಅಷ್ಟ ಬ್ಯಾರೆ ಇಡೋಣ್ರಿ. ಒಂದ ಮಷಿನ್ ಮೂರಕ್ಕೂ ಕಟ್ಟತೈತಿ."

"ಮೂರು ಸೊಸ್ತೇರನ್ನ ಒಂದ ಅಡಗಿಮನ್ಯಾಗ ಬಿಟ್ಟಂಗಾತು ನೋಡವಾ!" ಎಂದು ಸಾಹೇಬರು ನಕ್ಕರು. "ಆತು, ಮಾಡು. ಆದ್ರ ಒಂದ್ ಸಲ ಕೆಡ್ತಂದ್ರ ಹಳೇ ಪದ್ಧತಿನ ಮತ್ತ."

ಕೆಟ್ಟೇಬಿಟ್ಟಿತು. ಹಾಲಿನ ಡಬ್ಬಿಯಲ್ಲಿ ಪರದೆಯನ್ನು ತಲೆಕೆಳಗಾಗಿ ಕೂರಿಸಿದ್ದರು. ಚಿತ್ರ ತಿರುಗಿಸಲು ನೀಲಗಂಗಾ ಒಂದು ಸಾಲು ಬರೆದಳು. ಆದರೆ ಅವಸರದಲ್ಲಿ ಅದನ್ನು ಹಾಲಿನ ಬೋರ್ಡಿನ ಪಾಲಿಗೆ ಬರೆಯದೆ, ಮೂರಕ್ಕೂ ಸೇರಿದ ಜಾಗದಲ್ಲಿ ಬರೆದುಬಿಟ್ಟಳು. ಬರೆದದ್ದನ್ನು ಕಟ್ಟುವವನು ನಾನು, ಕಟ್ಟಿದೆ. ಮರುದಿನ ಬೆಳಿಗ್ಗೆ ನಿಲ್ದಾಣದ ಫಲಕದಲ್ಲಿ ಊರುಗಳೆಲ್ಲ ಕಾಲು ಮೇಲೆ ಮಾಡಿ ನಿಂತಿದ್ದವು. "ಯಪ್ಪಾ, ಗದಗಿನ ಬಸ್ಸು ತಲಿಕೆಳಗ ಹೊಂಟೇತೇನೋ!" ಎಂದು ಯಾವಳೋ ಅಜ್ಜಿ ಬಾಯಿ ಮಾಡಿದಳಂತೆ.

ಸಾಹೇಬರು ಕೆಂಡವಾಗಿ ಬಂದರು. "ನಾ ಹೇಳಿದ್ನಿಲ್ಲ? ಒಂದರ ರೋಗ ಇನ್ನೊಂದಕ್ಕ ಹತ್ತೇತಿ! ನಾಳೆ ಸಲೈನ್ ಪಂಪಿಗೆ ಹಿಂಗಾದ್ರ ಯಾರ ಗತಿ? ತಗೀರಿ ಹಳೇ ಮಷಿನ್!"

ನೀಲಗಂಗಾಳ ಕಣ್ಣು ತುಂಬಿತು, ಆದರೆ ಅವಳು ಜಾಗ ಬಿಟ್ಟು ಕದಲಲಿಲ್ಲ. "ತಪ್ಪು ನಂದು ಸರ್, ಪದ್ಧತೀದಲ್ಲ. ತಪ್ಪು ಒಂದ ಕಡೆ ಐತಿ, ತಿದ್ದೋದೂ ಒಂದ ಕಡೆ. ಊಟದ ಹೊತ್ತಿಗೆ ಮೂರೂ ನಿಮ್ಮ ಟೇಬಲ್ ಮ್ಯಾಗ ಇಡ್ತೀನಿ. ಆಗ್ಲಿಲ್ಲಂದ್ರ ಈ ಮಷಿನ್ ನಾನ ಬಿಚ್ಚತೀನಿ."

ಅಯ್ಯೋ ನನ್ನ ಕರ್ಮವೇ! ಬಿಚ್ಚಿಸಿಕೊಳ್ಳಬೇಕಾದವನು ನಾನು. ಆದರೂ ಅವಳ ಧೈರ್ಯ ನೋಡಿ ನನಗೂ ಛಲ ಬಂತು. ಅವಳು ಆ ಸಾಲನ್ನು ಕಿತ್ತು ಹಾಲಿನ ಬೋರ್ಡಿನ ಪಾಲಿಗೆ ಹಾಕಿದಳು, ಹಳೆಯದನ್ನೆಲ್ಲ ಅಳಿಸಿ ಮೊದಲಿನಿಂದ ಕಟ್ಟಲು ಹೇಳಿದಳು. ನಾನು ಮೈ ಸುಡುವಷ್ಟು ದುಡಿದೆ. ಊಟದ ಹೊತ್ತಿಗೆ ಮೂರೂ ಬೋರ್ಡು ಸಾಹೇಬರ ಮುಂದೆ ಸಾಲಾಗಿ ಚಾಲೂ ಆದವು. ಮೂರೂ ನೆಟ್ಟಗಿದ್ದವು. ಇನ್ನು ಮುಂದೆ ಹೀಗೆ ಮೂರನ್ನೂ ನೋಡದೆ ಏನನ್ನೂ ಹೊರಗೆ ಕಳಿಸುವುದಿಲ್ಲವೆಂದು ಅವಳೇ ಕಟ್ಟುಪಾಡು ಮಾಡಿದಳು. ಸಾಹೇಬರು ಬಗ್ಗಿ ಬಗ್ಗಿ ನೋಡಿ, "ಹೋಗವಾ, ಊಟಾ ಮಾಡು" ಎಂದರು. ಹಳೆಯ ಕಂಪ್ಯೂಟರುಗಳು ಗುಜರಿಗೆ ಹೋದವು.

ಈಗ ನನಗೂ ವಯಸ್ಸಾಯಿತು. ಸ್ಟೋರ್ ರೂಮಿನ ಬಾಗಿಲ ಪಕ್ಕ ಕೂತಿದ್ದೇನೆ. ಅವಳು ಬರೆದಿಟ್ಟದ್ದನ್ನೇ ಓದಿಕೊಂಡು ಹೊಸ ಯಂತ್ರ ಏಳು ಬೋರ್ಡುಗಳಿಗೆ ಕಟ್ಟುತ್ತದೆ. ಮೊನ್ನೆ ಸಾಹೇಬರು ಬಂದ ಅತಿಥಿಗಳಿಗೆ ಹೇಳುತ್ತಿದ್ದರು: "ಇದು ಮೊದಲಿಂದನೂ ನಂದ ವಿಚಾರ ರೀ." ನನಗೆ ಮೈಯೆಲ್ಲ ಉರಿಯಿತು.

ಅಲ್ಲೇ ಹಾದುಹೋಗುತ್ತಿದ್ದ ನೀಲಗಂಗಾ ನಕ್ಕಳು. "ಹೌದ್ರಿ, ಸಾಹೇಬ್ರು ಭಾಳ ಹಟಾ ಮಾಡಿದ್ರು" ಎಂದು ಕೆಲಸಕ್ಕೆ ಹೋದಳು.

ಹಟ ಯಾರದೆಂದು ನನಗೆ ಗೊತ್ತು. ನನ್ನನ್ನು ಬಿಚ್ಚುತ್ತೇನೆ ಎಂದು ಗಟ್ಟಿಯಾಗಿ ಹೇಳಿದಾಗ ಅವಳ ಕೈ ನನ್ನ ತಲೆಯ ಮೇಲಿತ್ತು.