ಬೀಳದ ಎಳೆ
ಒಂದು ಹತ್ತಿಯ ಎಳೆ, ರೆಪ್ಪೆಗೂದಲಿಗಿಂತ ಸಣ್ಣದು, ಬಿಸಿಲುಕೋಲಿನಲ್ಲಿ ಕೆಳಗೂ ಬೀಳದೆ ಮೇಲೂ ಏಳದೆ, ಮಲಗಿದ ಮಗುವಿನ ಬಾಯಿಯ ಮೇಲೆ ಹಾಗೇ ನಿಂತಿದೆ — ಹತ್ತಿಧೂಳು ಕೂತ ನನ್ನ ತಲೆಯಿಂದಲೇ ಉದುರಿದ್ದು, ಬೆಳಿಗ್ಗೆ ಎತ್ತಿಕೊಂಡಾಗ, ಇನ್ನೂ ಬಿದ್ದಿಲ್ಲವಲ್ಲ, ಅಂದುಕೊಂಡಳು ಅವಳು, ಹಿತ್ತಿಲ ಕಿಟಕಿಯ ಹೊರಗೆ ನಿಂತು, ಗೋಣಿಯ ಒಂದು ತೂತಿಗೆ ಕಣ್ಣಿಟ್ಟು, ಪಕ್ಕದ ತೂತಿನಿಂದ ಬಿಸಿಲು ಒಳಗೆ ಹೋಗುತ್ತಿದೆ. ಈ ಗೋಣಿ ಕಟ್ಟಿದ್ದೂ ಅವಳೇ, ಮಗಳು ಹೆತ್ತು ಮನೆಗೆ ಬಂದ ದಿನ, ಎಳೆಕೂಸಿಗೆ ಗಾಳಿ ತಾಗಬಾರದೆಂದು, ತಾನು ದುಡಿಯುವ ಮಗ್ಗದ ಶೆಡ್ಡಿನಲ್ಲಿ ಕಟ್ಟುವ ಹಾಗೇ, ಅಲ್ಲಿ ಕಿಟಕಿಗಳಿಗೆಲ್ಲ ಒದ್ದೆ ಗೋಣಿ, ಒಣಗಾಳಿ ಹೊಕ್ಕರೆ ನೂಲು ಪಟಪಟ ಹರಿಯುತ್ತದೆ, ನೂಲು ಹರಿದರೆ ಮಗ್ಗ ನಿಲ್ಲುತ್ತದೆ, ಮೇಸ್ತ್ರಿಯ ಬಾಯಿ ನಿಲ್ಲುವುದಿಲ್ಲ. ಇಷ್ಟು ವರ್ಷ ಗಾಳಿಯನ್ನು ಕಳ್ಳನ ಹಾಗೆ ಹೊರಗಿಟ್ಟು ನೂಲು ಕಾದದ್ದಾಯಿತು, ಒಳಗೆ ಸುತ್ತುವ ಗಾಳಿ ಯಾರ್‍ಯಾರ ಎದೆ ಹೊಕ್ಕು ಬಂದದ್ದು ಎಂದು ಯಾರು ಕೇಳಿದರು? ಇವತ್ತು ಮಧ್ಯಾಹ್ನ ಅದೇ ಮೇಸ್ತ್ರಿ ಮಗ್ಗ ನಿಲ್ಲಿಸಿ, ನಿನ್ನ ಪಕ್ಕದ ಮಗ್ಗದವಳಿಗೆ ಆಸ್ಪತ್ರೇಲಿ ಉಸಿರಿಗೆ ಪೈಪು ಹಾಕಿದ್ದಾರಂತೆ, ಊರೆಲ್ಲ ಹಬ್ಬಿರೋ ಅದೇ ಜ್ವರ, ನೀವೆಲ್ಲ ಮನೆಗೆ ಹೋಗಿ, ಎಂದ. ಪಕ್ಕದವಳು ಅಂದರೆ ವಟವಟಮ್ಮ, ಮೊನ್ನೆಯಷ್ಟೇ ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಮುಖದ ಹತ್ತಿರ ಮುಖ ತಂದು, ಅಜ್ಜಿಯಾದ್ಯಲ್ಲೇ, ಇನ್ನು ಕನ್ನಡಿ ನೋಡೋದು ಬಿಡು, ಎಂದು ನಗುತ್ತಾ ಕೆಮ್ಮಿದವಳು. ತಾನೂ ಇಳಿಸಿದ್ದಳು, ಎಲ್ಲರೂ ಇಳಿಸುತ್ತಾರೆ, ಮಗ್ಗದ ಸದ್ದಿಗೆ ಮಾತು ಕಿವಿಗೆ ಬೀಳುವುದಿಲ್ಲ, ತುಟಿ ನೋಡಿಯೇ ತಿಳಿಯಬೇಕು, ಸುಮ್ಮನಿದ್ದಾಗ ಮಾಸ್ಕ್ ಮೇಲೆ, ಮಾತಿಗೆ ಮಾಸ್ಕ್ ಕೆಳಗೆ — ಆ ಕೆಮ್ಮಿಗೆ ಇಬ್ಬರ ನಡುವೆ ತೇಲುತ್ತಿದ್ದ ಎಳೆಗಳೆಲ್ಲ ಸರಕ್ಕನೆ ತನ್ನ ಕಡೆ ಬಂದವು, ಕಣ್ಣಾರೆ ಕಂಡಳು, ಕಂಡೂ ನಕ್ಕಳು. ಇವತ್ತು ಬೆಳಿಗ್ಗೆ ಮಗುವಿನ ಮೂಗಿಗೆ ಮೂಗು ತಾಗಿಸಿ ಜೋಗುಳ ಹಾಡುವಾಗ ಗಂಟಲು ಕೆರೆಯುತ್ತಿತ್ತು, ಹತ್ತಿಧೂಳು ಅಂದುಕೊಂಡಳು, ಹತ್ತಿಧೂಳೇ ಆಗಿರಲಿ ದೇವರೇ. ಮಗು ನೋಡಲು ಬಂದ ದಾದಿ ಹೇಳಿದ್ದಳು, ಗೋಣಿ ತೆಗೀರಿ ಅಮ್ಮ, ಬಾಯಿಂದ ಹೊರಟಿದ್ದು ಹೊಗೆ ಥರ ಕೋಣೇಲೇ ನಿಲ್ಲುತ್ತೆ, ಮಗುವಿಗೆ ಹೊದಿಸಿ, ಕಿಟಕಿಗೆ ಹೊದಿಸಬೇಡಿ, ಎಂದು. ಹೂಂ ಅಂದಳು ಇವಳು, ದಾದಿ ಬೀದಿ ತಿರುಗಿದ ಮೇಲೆ ಇನ್ನೊಂದು ಸುತ್ತು ಹಗ್ಗ ಬಿಗಿದಳು. ಈಗ ಗಂಟು ಬಿಚ್ಚುತ್ತಿಲ್ಲ, ಎಳೆದಷ್ಟೂ ಕಚ್ಚುತ್ತಿದೆ, ಹಲ್ಲಿನಲ್ಲಿ ಬಿಡಿಸಲೇ — ಬೇಡ, ಬಾಯಿ ಇಲ್ಲಿ ತೆರೆಯಬೇಡ. ಯಾರದು, ಅಮ್ಮಾ ನೀನಾ, ಒಳಗಿಂದ ಮಗಳು, ಹೊರಗ್ಯಾಕೆ ಕದ್ದು ನಿಂತಿದೀಯ, ಒಳಗೆ ಬಂದು ಇವನನ್ನ ಎತ್ಕೋಬಾರದಾ, ಆಗಿಂದ ಸೀನ್ತಾನೇ ಇದಾನೆ. ಸೀನುತ್ತಿದೆಯೇ, ಯಾವಾಗಿನಿಂದ, ಎಳೆಕೂಸುಗಳು ಸುಮ್ಮನೆಯೂ ಸೀನುತ್ತವೆ, ನೀನೂ ಸೀನುತ್ತಿದ್ದೆ ಮಗಳೇ — ಗೋಣಿ ಬಿಚ್ಚು, ಬಾಗಿಲು ತೆಗಿ, ಎಂದಳು ಮಾಸ್ಕಿನೊಳಗಿಂದಲೇ. ಏನು? ಕೇಳಿಸ್ತಿಲ್ಲಮ್ಮ, ಅದನ್ನ ಇಳಿಸಿ ಹೇಳು. ಕೈ ತಾನಾಗಿ ಎದ್ದಿತು, ಬೆರಳು ಮಾಸ್ಕಿನ ಅಂಚು ಹಿಡಿದಾಗಿತ್ತು, ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಆ ಕೈಯನ್ನೇ ಕಿತ್ತುಕೊಂಡು ಗೋಣಿಯೊಳಗೆ ತೂರಿಸಿ ಎಳೆದಳು, ಚರ್ರನೆ ಹರಿಯಿತು, ಅಯ್ಯೋ ಅಮ್ಮ, ಮಗುವಿಗೆ ಗಾಳಿ, ಎಂದಳು ಮಗಳು, ಅವಳು ಆಗಲೇ ಹಿಂದೆ ಹಿಂದೆ ಸರಿದು ಬೇಲಿಗೆ ಬೆನ್ನು ತಾಗಿಸಿದ್ದಳು, ಬರಲಿ ಗಾಳಿ, ಬಾ, ಒಳಗೆ ಹೋಗು, ಆ ಎಳೆಯನ್ನು ಹೊತ್ತುಕೊಂಡು ಹೊರಟುಹೋಗು — ಬೇಲಿಯ ಒಂದು ಎಲೆಯೂ ಅಲುಗಲಿಲ್ಲ, ಒಳಗೆ ಮಗು ಮತ್ತೆ ಸೀನಿತು, ಇಷ್ಟು ದೂರದಿಂದ ಎಳೆ ಕಾಣುವುದಾದರೂ ಹೇಗೆ, ಆದರೂ ಕಾಣುತ್ತಿದೆ, ಕಣ್ಣು ಮುಚ್ಚಿದರೂ, ಆ ಪುಟ್ಟ ತೆರೆದ ಬಾಯಿಯ ಮೇಲೆ, ಬೀಳದೆ, ಏಳದೆ, ಆ ಎಳೆ.