ಗ್ಯಾರೇಜಿನ ತೀರ್ಥ

"ಇಡೀ ಸಮುದ್ರನ ಉಳಿಸಿದೋಳು ನಾನು ಕಣಮ್ಮ," ಎಂದು ಕೊಳಾಲದ ಕೊಲ್ಲಾಪುರಮ್ಮ ಮೊಮ್ಮಗಳು ಮಧುಶ್ರೀಗೆ ಹೇಳಿದಳು. "ಅರ್ಧ ಸುಳ್ಳು ಅಂತಿಟ್ಕೋ. ಸಮುದ್ರ ನಾನೆಲ್ಲಿ ಕಂಡಿವ್ನಿ?"

ಆಗೆಲ್ಲ ಅದೇ ಊರಿನ ತಿಮ್ಮರಾಜು ತನ್ನ ಟ್ರ್ಯಾಕ್ಟರ್ ಗ್ಯಾರೇಜಿನ ಹಳೆ ಆಯಿಲನ್ನು ಚರಂಡಿಗೆ ಸುರಿಯುತ್ತಿದ್ದ. ಅದು ಹರಿದು ಕೆರೆಯ ಮೇಲೆ ಬಣ್ಣಬಣ್ಣವಾಗಿ ತೇಲುತ್ತಿತ್ತು. ಕೊಲ್ಲಾಪುರಮ್ಮನ ಎಮ್ಮೆ ಆ ನೀರನ್ನು ಮೂಸಿ, ಕುಡಿಯದೆ ಹಿಂದಿರುಗುತ್ತಿತ್ತು.

"ಕೋಡಿ ಬಿದ್ರೆ ಈ ನೀರು ಜಯಮಂಗಲಿ ಹೊಳೆಗೆ, ಅಲ್ಲಿಂದ ಪಿನಾಕಿನಿಗೆ, ಆಮೇಲೆ ಸಮುದ್ರಕ್ಕೇ ಹೋಯ್ತದೆ ಕಣ್ಲಾ. ಅಲ್ಲಿ ಮೀನು ಏನ್ ಕುಡೀಬೇಕು?" ಎಂದು ಅವಳು ಅವನನ್ನು ಕೇಳಿದಳು.

"ನನ್ನೊಂದು ಡಬ್ಬಕ್ಕೆ ಸಮುದ್ರ ಕೆಡ್ತದಾ ಅಜ್ಜಿ?"

"ನಿನ್ನಂತೋರು ಊರೂರಿಗೂ ಅವ್ರಲ್ಲೋ!"

ಅವನು ನಕ್ಕುಬಿಟ್ಟ.

ಆ ವರ್ಷ ಕೆರೆ ತುಂಬಿ ಕೋಡಿ ಬಿತ್ತು. ಗಂಗಮ್ಮನ ಪೂಜೆ ಮಾಡಿಸಿದವನು ತಿಮ್ಮರಾಜುವೇ, ಹಾಗಾಗಿ ಮೊದಲ ತೀರ್ಥ ಅವನಿಗೇ. ತೀರ್ಥ ಕೊಡಲು ಮುಂದೆ ಬಂದ ಕೊಲ್ಲಾಪುರಮ್ಮನನ್ನು, ಗಂಡ ಸತ್ತವಳು ತೀರ್ಥದ ಚೊಂಬು ಮುಟ್ಟಬಾರದೆಂದು ಹೆಂಗಸರು ತಡೆದರು. "ಗಂಗಮ್ಮಂಗೇನು ಗಂಡ ಅವ್ನಾ?" ಎಂದು ಅವಳು ಚೊಂಬು ಕಿತ್ತುಕೊಂಡು, ಚರಂಡಿ ಕೆರೆಗೆ ಬೀಳುವ ಮೂಲೆಯಲ್ಲೇ ಮುಳುಗಿಸಿ, ಊರವರೆದುರು ಅವನ ಮುಂದೆ ಹಿಡಿದಳು. ಮೇಲೆ ಆಯಿಲ್ ಮಿರಮಿರ ಮಿಂಚುತ್ತಿತ್ತು.

"ಕುಡಿ ಕಣ್ಲಾ. ಇಲ್ಲಾ, ಇನ್ಮೇಲೆ ಸುರಿಯಾಕಿಲ್ಲ ಅಂತ ಈ ಚೊಂಬು ಮುಟ್ಟಿ ಆಣೆ ಇಡು!"

ತಿಮ್ಮರಾಜು ಚೊಂಬಿನತ್ತ ಕೈ ಚಾಚಿದ.

"ಆಮೇಲೇನಾಯ್ತಜ್ಜಿ?" ಎಂದಳು ಮಧುಶ್ರೀ.

"ನಮ್ಮೆಮ್ಮೆ ಈಗ ಕೆರೆಯ ಆ ಮೂಲೇಲೇ ನೀರು ಕುಡೀತದೆ, ನೋಡಿದ್ದೀಯಲ್ಲ? ಮಿಕ್ಕಿದ್ದ ನೀನೇ ಹೇಳು."